ತೊಗರಿ ಪಾಠ: ಸಾಫ್ಟ್‌ವೇರ್ ಆಯ್ಕೆಯಿಂದ ಎರಡನೆಯ ಘಟಕದವರೆಗೆ

ಜೂನ್

ತೊಗರಿಯ ರೋಗ ಮತ್ತು ಕೀಟಗಳ ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಆನ್‌ಲೈನ್ ಪಾಠ ಕಟ್ಟಲು ಹೊರಟಿದ್ದೇನೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಬೆಳೆ ನಿಂತಲ್ಲೇ ಒಣಗಿದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. ಬದುವಿನ ಮೇಲೆ ನಿಂತು ಇದು ನೆಟೆ ರೋಗ, ಇದು ಗೊಡ್ಡು ರೋಗ ಎಂದು ಗುರುತಿಸಲು ಬರಬೇಕು; ಪಾಠದ ಗುರಿ ಇಷ್ಟೇ. ಓದುವವರು ಆಳಂದ, ಸೇಡಂ ಕಡೆಯ ಹುಡುಗ ಹುಡುಗಿಯರು. ಅವರ ಕೈಯಲ್ಲಿರುವುದು ಅಗ್ಗದ ಮೊಬೈಲ್. ಹೊಲದಲ್ಲಿ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು.

ಸಾಫ್ಟ್‌ವೇರ್ ಮಾರುವವರ ಪಟ್ಟಿಗಳಲ್ಲಿ ಎಲ್ಲ ಸೌಲಭ್ಯಗಳ ಎದುರಿಗೂ ಟಿಕ್ ಗುರುತು ಇರುತ್ತದೆ. ಹಾಗಾಗಿ ನನ್ನದೇ ಒಂದು ಪರೀಕ್ಷಾ ಪುಟ ಬರೆದುಕೊಂಡೆ: ಸೂರ್ಯ, ವಸ್ತ್ರ, ಶಾಸ್ತ್ರಜ್ಞ, ಕರ್ನಾಟಕ, ತೇವಾಂಶ ಎಂಬ ಪದಗಳ ಒಂದು ಸಾಲು, ಒಂದು ಚಿತ್ರ, ಅರ್ಧ ನಿಮಿಷದ ಧ್ವನಿ, ಕನ್ನಡದಲ್ಲೇ ಟೈಪ್ ಮಾಡಿ ಉತ್ತರಿಸಬೇಕಾದ ಒಂದು ಪ್ರಶ್ನೆ. ಯಾವ ಸಾಫ್ಟ್‌ವೇರ್ ಆದರೂ ಮೊದಲು ಈ ಪುಟವನ್ನು ದಾಟಬೇಕು.

ದುಬಾರಿ ಬೆಲೆಯ ಒಂದು ಸಾಫ್ಟ್‌ವೇರ್‌ನ ಉಚಿತ ಅವಧಿಯಿಂದ ಶುರು ಮಾಡಿದೆ. ಪಾಠ ಕಟ್ಟುವಾಗ ಕನ್ನಡ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಪ್ರಕಟಿಸಿ ಮೊಬೈಲಿನಲ್ಲಿ ತೆರೆದರೆ ‘ವಸ್ತ್ರ’ ಹೋಗಿ ‘ವಸ್‌ತ್‌ರ’ ಆಗಿತ್ತು. ಪಠ್ಯವನ್ನು ಪಠ್ಯವಾಗಿಯೇ ಕೊಟ್ಟರೆ ಒತ್ತು, ಗುಣಿತಗಳನ್ನು ಜೋಡಿಸುವ ಕೆಲಸವನ್ನು ಬ್ರೌಸರ್ ಮಾಡಿಕೊಳ್ಳುತ್ತದೆ. ಈ ಸಾಫ್ಟ್‌ವೇರ್ ಒಂದೊಂದೇ ಅಕ್ಷರವನ್ನು ತಾನೇ ಬಿಡಿಸುತ್ತಿತ್ತು, ಆ ಬಿಡಿಸುವಿಕೆಗೆ ಒತ್ತಕ್ಷರ ಗೊತ್ತಿರಲಿಲ್ಲ. ಎರಡನೆಯದು ಇಡೀ ಪಠ್ಯವನ್ನು ಚಿತ್ರವಾಗಿಸಿ ಕೊಡುತ್ತಿತ್ತು. ಅಕ್ಷರ ಒಡೆಯಲಿಲ್ಲ, ನಿಜ. ಆದರೆ ಹಿಗ್ಗಿಸಿದರೆ ಮಸುಕು, ಹುಡುಕಲು ಬರುವುದಿಲ್ಲ, ದೃಷ್ಟಿ ಇಲ್ಲದವರು ಬಳಸುವ ಪರದೆ ಓದುವ ತಂತ್ರಾಂಶಕ್ಕೆ ಅಲ್ಲಿ ಓದಲು ಏನೂ ಇಲ್ಲ. ಒಬ್ಬ ಓದುಗನನ್ನಾದರೂ ಬಾಗಿಲಲ್ಲೇ ನಿಲ್ಲಿಸುವ ಪಾಠ ನನಗೆ ಬೇಡ. ಎರಡನ್ನೂ ಕೈಬಿಟ್ಟೆ.

ಜುಲೈ

ಉಳಿದವು ಎರಡು, ಎರಡೂ ಮುಕ್ತ ತಂತ್ರಾಂಶಗಳು: ಇಎಕ್ಸ್‌ಇ ಲರ್ನಿಂಗ್ ಮತ್ತು ಎಚ್5ಪಿ. ಪುಟದ ಮೇಲೆ ಪುಟ ಓದಿಸುವ ಪಾಠಕ್ಕೆ ಮೊದಲನೆಯದು ಚೆನ್ನ. ನನ್ನ ಪಾಠದಲ್ಲಿ ಚಿತ್ರದ ಮೇಲೆ ಬೆರಳಿಟ್ಟು ಗುರುತಿಸುವ ಚಟುವಟಿಕೆ ಹೆಚ್ಚು, ಆದ್ದರಿಂದ ಎಚ್5ಪಿ ಆರಿಸಿಕೊಂಡೆ. ಲೂಮಿ ಎಂಬ ಉಚಿತ ತಂತ್ರಾಂಶ ಇದ್ದರೆ ಇಂಟರ್ನೆಟ್ ಇಲ್ಲದೆಯೂ ಎಚ್5ಪಿ ಪಾಠ ಕಟ್ಟಬಹುದು. ಕಟ್ಟಿದ್ದನ್ನು ಒಂದೇ ಎಚ್‌ಟಿಎಂಎಲ್ ಕಡತವಾಗಿಯೂ ಸ್ಕಾರ್ಮ್ (ಯಾವ ಕಲಿಕಾ ಜಾಲತಾಣಕ್ಕಾದರೂ ಪಾಠವನ್ನು ಹೊಂದಿಸುವ ಮಾನಕ) ಪ್ಯಾಕೇಜಾಗಿಯೂ ಹೊರತೆಗೆಯಬಹುದು. ಬ್ರೌಸರಿನಲ್ಲಿ ಚಲಿಸುವ ಚಿತ್ರ, ಚಟುವಟಿಕೆ ತೋರಿಸಲು ಬಳಸುತ್ತಿದ್ದ ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತು, ವರ್ಷಗಟ್ಟಲೆ ಕಷ್ಟಪಟ್ಟು ಮಾಡಿದ ಪಾಠಗಳು ತೆರೆಯದಂತಾದವು. ಆ ಕಾರಣಕ್ಕೆ ನನ್ನ ಪಠ್ಯ, ಚಿತ್ರ, ಧ್ವನಿಗಳನ್ನು ಯಾವ ಸಾಫ್ಟ್‌ವೇರಿಗೂ ಒಪ್ಪಿಸದೆ ಬೇರೆ ಕಡತಕೋಶದಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲ ಘಟಕವನ್ನು ಆಳಂದದಲ್ಲಿರುವ ಅಣ್ಣನ ಮಗನಿಗೆ ಕಳಿಸಿದೆ. ಸಂಜೆ ಫೋನ್ ಬಂತು.

“ಕಾಕಾ, ನೆಟೆ ರೋಗ ಎಂದೇ ಬರೆದಿದ್ದೇನೆ. ತಪ್ಪು ಎನ್ನುತ್ತಿದೆ.”

“ನೆಟೆ, ರೋಗ ನಡುವೆ ಜಾಗ ಬಿಟ್ಟಿದ್ದೀಯಾ?”

“ಬಿಟ್ಟಿದ್ದೇನೆ. ಸರಿ ಉತ್ತರ ತೋರಿಸು ಎಂದರೆ ನಾನು ಬರೆದದ್ದನ್ನೇ ತೋರಿಸುತ್ತದೆ!”

ಅವನು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಎರಡು ಉತ್ತರಗಳಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಇದ್ದದ್ದು ಕಣ್ಣಿಗೆ ಕಾಣದ ಕಡೆ. ನನ್ನ ಪಠ್ಯದ ಮೂಲ ಹಳೆಯ ನುಡಿ ಫಾಂಟಿನ ಕಡತ. ಅದನ್ನು ಯೂನಿಕೋಡಿಗೆ (ಪ್ರತಿ ಅಕ್ಷರ, ಚಿಹ್ನೆಗೂ ಒಂದು ಸಂಕೇತ ಕೊಡುವ ವ್ಯವಸ್ಥೆಗೆ) ತಂದ ಪರಿವರ್ತಕ ‘ರೋ’ ಬರೆಯುವಾಗ ಒಕಾರವನ್ನೂ ದೀರ್ಘವನ್ನೂ ಎರಡು ಸಂಕೇತಗಳಾಗಿ ಇಟ್ಟಿತ್ತು. ಮೊಬೈಲಿನ ಕೀಬೋರ್ಡ್ ಓಕಾರಕ್ಕೆ ಒಂದೇ ಸಂಕೇತ ಕೊಡುತ್ತದೆ. ಓದಲು ಎರಡೂ ‘ರೋಗ’, ಹೋಲಿಸುವ ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಇಡೀ ಪಠ್ಯವನ್ನು, ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದ ಮೇಲೆ ಆ ತೊಡಕು ಹೋಯಿತು. ಹುಡುಗ ಸರಿಯಾಗಿ ಬರೆದದ್ದಕ್ಕೆ ಕೆಂಪು ಗುರುತು ಬೀಳುವುದು ಸಣ್ಣ ವಿಷಯವಲ್ಲ. ಇಂಥದ್ದು ಎರಡು ಸಲ ಆದರೆ ಅವನು ಪಾಠದ ಮೇಲೆ ನಂಬಿಕೆಯನ್ನೇ ಬಿಡುತ್ತಾನೆ.

ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಎಚ್5ಪಿಯಲ್ಲಿ ಓರೆಗೆರೆ ಹಾಕಿ ಎಷ್ಟು ಸರಿಯುತ್ತರಗಳನ್ನಾದರೂ ಕೊಡಬಹುದು. ಈಗ ಅಲ್ಲಿ ನೆಟೆ ರೋಗ, ನೆಟೆರೋಗ, ಸೊರಗು ರೋಗ, ಸೊರಗುರೋಗ ಎಲ್ಲವೂ ಇವೆ.

ಆಗಸ್ಟ್

ಒಂದು ತರಬೇತಿ ಸಂಸ್ಥೆಯವರು ಪಾಠವನ್ನು ತಮ್ಮ ಕಲಿಕಾ ಜಾಲತಾಣ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ ಹಾಕಲು ಒಪ್ಪಿದರು. ಅವರಿಗೆ ಬೇಕಾದದ್ದು ಸ್ಕಾರ್ಮ್ 1.2. ಅದಕ್ಕಾಗಿ ಬೇರೊಂದು ಟೆಂಪ್ಲೇಟ್ (ಪಾಠದ ಸಿದ್ಧ ಚೌಕಟ್ಟು) ತೆಗೆದುಕೊಂಡು, ‘ನಿಮ್ಮ ಹೊಲದಲ್ಲಿ ಕಂಡದ್ದನ್ನು ಬರೆಯಿರಿ’ ಎಂಬ ಚೌಕವನ್ನೂ ಸೇರಿಸಿದೆ. ಸ್ವಲ್ಪ ಬರೆದವರಿಗೆ ಏನೂ ತೊಂದರೆಯಿಲ್ಲ. ಮನಸ್ಸಿಟ್ಟು ಉದ್ದಕ್ಕೆ ಬರೆದವರು ಮರುದಿನ ತೆರೆದರೆ ಪಾಠ ಮತ್ತೆ ಮೊದಲ ಪುಟದಿಂದ ಶುರುವಾಗುತ್ತಿತ್ತು.

ಕಾರಣ ಲೆಕ್ಕದಲ್ಲಿದೆ. ಓದುಗ ಎಲ್ಲಿಗೆ ನಿಲ್ಲಿಸಿದ ಎಂಬುದನ್ನು ನೆನಪಿಡಲು ಸ್ಕಾರ್ಮ್ 1.2 ಕೊಡುವ ಜಾಗ 4,096 ಅಕ್ಷರ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್ ಬೇಕು. ಟೆಂಪ್ಲೇಟ್ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಹಾಕಿ 3 ಅಕ್ಷರಗಳಲ್ಲಿ ಬರೆಯುತ್ತಿತ್ತು. ಹೀಗೆ ಒಂದು ಸಂಕೇತಕ್ಕೆ 9 ಅಕ್ಷರ. ‘ತೊಗರಿ’ ಎಂಬ ಒಂದು ಪದದಲ್ಲಿ 5 ಸಂಕೇತ, ಅಂದರೆ 45 ಅಕ್ಷರ. ಇಂಗ್ಲಿಷಿನಲ್ಲಿ ಬರೆದಿದ್ದರೆ 6ರಲ್ಲಿ ಮುಗಿಯುತ್ತಿತ್ತು. ಕನ್ನಡದ ಓದುಗನಿಗೆ ಸುಮಾರು 455 ಸಂಕೇತಗಳಲ್ಲೇ ಜಾಗ ತುಂಬುತ್ತದೆ.

ಸ್ಕಾರ್ಮ್ 2004ರ ನಾಲ್ಕನೆಯ ಆವೃತ್ತಿಯಲ್ಲಿ ಈ ಮಿತಿ 64,000. ಆದರೆ ಮೂಡಲ್ ಪೂರ್ತಿ ಬೆಂಬಲಿಸುವುದು 1.2 ಅನ್ನು. ಮಿತಿಯನ್ನು ಸಡಿಲಿಸುವ ಆಯ್ಕೆ ಮೂಡಲ್‌ನ ಆಡಳಿತ ಪುಟದಲ್ಲಿದೆ, ಆದರೂ ನನ್ನ ಒಂದು ಪಾಠಕ್ಕಾಗಿ ಬೇರೆಯವರ ವ್ಯವಸ್ಥೆಯನ್ನು ಮುಟ್ಟಿಸುವುದು ನನಗೆ ಸರಿಕಾಣಲಿಲ್ಲ. ಪುಟದ ಸಂಖ್ಯೆ, ಆರಿಸಿದ ಆಯ್ಕೆಯ ಸಂಖ್ಯೆ ಇವೆರಡನ್ನೇ ಉಳಿಸುವಂತೆ ಬದಲಾಯಿಸಿದೆ. ಹೊಲದ ಟಿಪ್ಪಣಿ ಈಗ ಮೂಡಲ್‌ನದೇ ಚಟುವಟಿಕೆಯಲ್ಲಿ ಉಳಿಯುತ್ತದೆ. ಎಷ್ಟು ಬೇಕಾದರೂ ಬರೆಯಲಿ.

ಸೆಪ್ಟೆಂಬರ್

ಎರಡನೆಯ ಘಟಕದ ಜೀವವೇ ಒಂದು ಫೋಟೊ. ನೆಟೆ ರೋಗ ತಗುಲಿದ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿದರೆ ಒಳಗೆ ಕಂದು ಬಣ್ಣದ ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನಿಂದ ಮೇಲೇರಿ ನೀರಿನ ದಾರಿ ಮುಚ್ಚಿದ್ದರ ಗುರುತು ಅದು. ಗೊಡ್ಡು ರೋಗದ ಕಥೆ ಬೇರೆ: ನುಸಿಯಿಂದ ಹರಡುವ ವೈರಸ್, ಗಿಡ ಹಸಿರಾಗಿ ಪೊದೆಯಂತೆ ಬೆಳೆಯುತ್ತದೆ, ಹೂ ಮಾತ್ರ ಬಿಡುವುದಿಲ್ಲ.

ಪ್ರಕಟಿಸಿದ ಪಾಠದಲ್ಲಿ ಆ ಕಂದು ಗೆರೆಯೇ ಮಾಯವಾಗಿತ್ತು. ಟೆಂಪ್ಲೇಟ್ ದೊಡ್ಡ ಫೋಟೊವನ್ನು ಕುಗ್ಗಿಸಿ, ಒತ್ತಿ, ತೊಗಟೆಯನ್ನೂ ಗೆರೆಯನ್ನೂ ಒಂದೇ ಬಣ್ಣ ಮಾಡಿತ್ತು. ಕಲಿಯಬೇಕಾದದ್ದೇ ಕಾಣದಿದ್ದರೆ ಉಳಿದ ಅಂದಚೆಂದದಿಂದ ಏನು ಪ್ರಯೋಜನ? ಸೀಳಿದ ಭಾಗವನ್ನಷ್ಟೇ ಕತ್ತರಿಸಿ, 800 ಪಿಕ್ಸೆಲ್ ಅಗಲಕ್ಕೆ ನಾನೇ ಇಳಿಸಿ, ಟೆಂಪ್ಲೇಟಿನ ಕುಗ್ಗಿಸುವ ಆಯ್ಕೆಯನ್ನು ಆಫ್ ಮಾಡಿ ಫೋಟೊ ಹಾಕಿದೆ. ಈಗ ಬಿಸಿಲಿನಲ್ಲಿ ಹಿಡಿದರೂ ಗೆರೆ ಕಾಣುತ್ತದೆ.

ಧ್ವನಿಯನ್ನು 48 ಕೆಬಿಪಿಎಸ್‌ನ (ಸೆಕೆಂಡಿಗೆ 48 ಕಿಲೋಬಿಟ್) ಮೊನೊ ಎಂಪಿ3 ಮಾಡಿದ್ದರಿಂದ ನಿಮಿಷಕ್ಕೆ ಸುಮಾರು 360 ಕೆಬಿ. ಓದುಗ ಪರದೆ ಮುಟ್ಟುವ ಮೊದಲೇ ಧ್ವನಿ ನುಡಿಸಲು ಕ್ರೋಮ್ ಬಿಡುವುದಿಲ್ಲ. ಅದಕ್ಕೆ ಮೊದಲ ಪುಟದಲ್ಲಿ ‘ಆರಂಭಿಸಿ’ ಗುಂಡಿ ಇಟ್ಟಿದ್ದೇನೆ.

ಮೂರನೆಯ ಘಟಕ ಕಾಯಿಕೊರಕದ್ದು. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಗಿಡ ಅಲುಗಾಡಿಸಿ ಹುಳು ಉದುರಿಸುವ ವಿಡಿಯೊ ಬೇಕು. ತಾಡಪಾಲು ಹಾಸಿ ಚಿತ್ರೀಕರಿಸಿ ಕೊಡುತ್ತೇನೆ ಎಂದು ಅಣ್ಣನ ಮಗ ಹೇಳಿದ್ದಾನೆ. ಅಷ್ಟರೊಳಗೆ ಒಂದು ನಿಮಿಷದ ವಿಡಿಯೊವನ್ನು ಎಷ್ಟು ಎಂಬಿಗೆ ಇಳಿಸಿದರೂ ಎಲೆಯ ಮೇಲಿನ ಹಸಿರು ಹುಳು ಕಾಣುತ್ತದೆ ಎಂದು ನೋಡಿಕೊಳ್ಳಬೇಕು.