ಸಾಲ್ಟ್ ಲೇಕ್ ಶಿಬಿರದ ನರ್ಸಬಾಯಿ

ಮಳೆಗಾಲದ ಅತಿಸಾರ ನಿಯಂತ್ರಣ ಅಭಿಯಾನದಲ್ಲಿ ಐದು ವರ್ಷದೊಳಗಿನ ಮಕ್ಕಳಿರುವ ಪ್ರತಿ ಮನೆಗೂ ಓಆರ್‌ಎಸ್ ಪೊಟ್ಟಣ ಮತ್ತು ಜಿಂಕ್ ಮಾತ್ರೆ ತಲುಪಿಸುವುದು ನಮ್ಮ ಕೆಲಸ. ನಾನು ಹೊನ್ನಾವರ ತಾಲೂಕಿನಲ್ಲಿ ಕಿರಿಯ ಆರೋಗ್ಯ ಸಹಾಯಕಿ. ಶರಾವತಿಯ ಅಳಿವೆಯ ದಕ್ಷಿಣಕ್ಕಿರುವ ಕಾಸರಕೋಡ ಟೊಂಕದಲ್ಲಿ, ಜುಲೈ ತಿಂಗಳ ಒಂದು ದಿನ, ನಮ್ಮ ಆಶಾ ಕಾರ್ಯಕರ್ತೆಯ ಜೊತೆ ಮನೆ ಮನೆ ತಿರುಗುತ್ತಿದ್ದೆ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಾದ್ದರಿಂದ ಗಂಡಸರು ಜಗುಲಿಯ ಮೇಲೆ ಕುಳಿತು ಬಲೆ ಸರಿಪಡಿಸುತ್ತಿದ್ದರು. ಹೊಳೆ ತುಂಬಿ ಕೆಲವು ಬಾವಿಗಳಿಗೆ ರಾಡಿ ನೀರು ನುಗ್ಗಿದ್ದರಿಂದ ಆ ಕೇರಿಯ ಮೇಲೆ ನಮಗೆ ಹೆಚ್ಚಿನ ಗಮನವಿತ್ತು.

ಒಂದು ಮನೆಯಲ್ಲಿ ಎರಡು ವರ್ಷದ ಮಗುವಿಗೆ ಹಿಂದಿನ ರಾತ್ರಿಯಿಂದ ಭೇದಿ. ಆಶಾ ಪೊಟ್ಟಣ ಕೊಟ್ಟು, ಕಲಸುವ ಕ್ರಮ ಹೇಳಿ, ಪುಸ್ತಕದಲ್ಲಿ ತಾಯಿಯ ಸಹಿ ಪಡೆದಳು. ಅಷ್ಟರಲ್ಲಿ, ಮಗುವನ್ನು ನೋಡಲೆಂದು ಬಂದು ಒಳಗೆ ಮಣೆಯ ಮೇಲೆ ಕುಳಿತಿದ್ದ ಪಕ್ಕದ ಮನೆಯ ವೃದ್ಧೆ, "ಹೇಳಿದ್ದು ಸಾಕು, ಈಗ ಅವಳು ಮಾಡಿ ತೋರಿಸಲಿ ತಂಗೀ" ಎಂದರು. ತಾಯಿ ಸ್ಟೀಲಿನ ಲೋಟದಲ್ಲಿ ನೀರು ತಂದಳು. ಪೊಟ್ಟಣದ ಮೂಲೆ ಹರಿದು ಸುಮಾರು ಅರ್ಧ ಪುಡಿಯನ್ನು ಅದಕ್ಕೆ ಸುರಿದು, ಉಳಿದರ್ಧವನ್ನು ನಾಳೆಗೆಂದು ಮಡಚಿ ಡಬ್ಬಿಯ ಕೆಳಗಿಟ್ಟಳು. ಒಂದು ಲೀಟರ್ ನೀರಿಗೆ ಇಡೀ ಪೊಟ್ಟಣ ಎಂದು ಆಶಾ ಎರಡು ಸಲ ಹೇಳಿದ್ದಳು. ತಾಯಿ ಎರಡು ಸಲವೂ ತಲೆಯಾಡಿಸಿದ್ದಳು.

ವೃದ್ಧೆ ಗದರಲಿಲ್ಲ. ಆ ಲೋಟದ ನೀರನ್ನು ತಾಯಿಗೇ ಕುಡಿಸಿ, "ಹೇಗಿದೆ?" ಎಂದು ಕೇಳಿದರು. ಆಕೆ ಮುಖ ಹಿಂಡಿದಳು. ಆಮೇಲೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಹುಡುಕಿಸಿ, ಕುದಿಸಿ ಆರಿಸಿದ ನೀರನ್ನು ಅದರಲ್ಲಿ ಅಳೆಸಿ ಪಾತ್ರೆಗೆ ಹಾಕಿಸಿ, ಹೊಸ ಪೊಟ್ಟಣವನ್ನು ಪೂರ್ತಿ ಬಿಡಿಸಿ ಕಲಸಿಸಿದರು. "ಈಗ ರುಚಿ ನೋಡು. ಕಣ್ಣೀರಿಗಿಂತ ಉಪ್ಪಾಗಿರಬಾರದು" ಎಂದರು. ತಾಯಿ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸತೊಡಗಿದಳು. ಮಗು ಒಮ್ಮೆ ಕಾರಿತು. ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಬೇಕೆಂದು ಹೇಳಿ ಅವರು ಅಲ್ಲಿಯೇ ಕುಳಿತರು. ನಾವೂ ಕುಳಿತೆವು.

ಕೇರಿಯವರು ಅವರನ್ನು ಇಂದಿಗೂ ನರ್ಸಬಾಯಿ ಎಂದೇ ಕರೆಯುತ್ತಾರೆ. ಮುಂಬಯಿಯಲ್ಲಿ ನರ್ಸಿಂಗ್ ಮುಗಿಸಿದ ಹೊಸದರಲ್ಲಿ, 1971ರಲ್ಲಿ, ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ, ಬಂದ ನಿರಾಶ್ರಿತರ ಸೇವೆಗೆ ಹೊರಟ ತಂಡದೊಂದಿಗೆ ಅವರು ಕೋಲ್ಕತ್ತಾಕ್ಕೆ ಹೋಗಿದ್ದರಂತೆ. "ಎಲ್ಲಿದ್ರಿ ಬಾಯೀ?" ಎಂದು ಕೇಳಿದೆ. "ಸಾಲ್ಟ್ ಲೇಕಿನಲ್ಲಿ. ಆಗ ಅಲ್ಲಿ ಈಗಿನ ಹಾಗೆ ಊರಿರಲಿಲ್ಲ, ಡೇರೆಗಳೇ. ನೀರಿಗೆ ಸಾಲು, ಔಷಧಕ್ಕೆ ಸಾಲು" ಎಂದರು.

ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಎಂಬ ಕ್ಷಿಪಣಿ ನೌಕೆಯನ್ನು ವಸ್ತುಸಂಗ್ರಹಾಲಯವಾಗಿ ಇರಿಸಿದ್ದಾರೆ. ಇಂಥ ಕ್ಷಿಪಣಿ ನೌಕೆಗಳು 1971ರ ಯುದ್ಧದಲ್ಲಿ ಭಾಗವಹಿಸಿದ್ದವು. ಮಗನನ್ನು ಕರೆದುಕೊಂಡು ಹೋಗಿ ಹೆಮ್ಮೆಯಿಂದ ತೋರಿಸಿದ್ದೇನೆ, ಆ ಹೆಮ್ಮೆ ಈಗಲೂ ಇದೆ. ಆದರೆ ನಾನು ದಿನವೂ ಚೀಲದಲ್ಲಿ ಹೊತ್ತು ತಿರುಗುವ ಪೊಟ್ಟಣಕ್ಕೂ ಅದೇ ಯುದ್ಧಕ್ಕೂ ಇರುವ ಸಂಬಂಧ ನನಗೆ ತಿಳಿದದ್ದು ಟೊಂಕದ ಆ ಮನೆಯಲ್ಲಿ. ಬಾಯಿ ಹೇಳಿದ್ದಕ್ಕೆ ನಾನು ಬಳಿಕ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷ ಗಡಿ ದಾಟಿ ಬಂದವರು ಸುಮಾರು ಒಂದು ಕೋಟಿ ಜನ. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ಸಲೈನ್ ಬಾಟಲಿಗಳೂ ಅದನ್ನು ಕೊಡಬಲ್ಲ ಕೈಗಳೂ ಸಾಲದಾದವು. ಗಡಿಯ ಸಮೀಪದ ಬನಗಾಂವ್ ಆಸ್ಪತ್ರೆಯಲ್ಲಿದ್ದ ಡಾ. ದಿಲೀಪ್ ಮಹಲನೊಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಎಂಬ ಪ್ರಮಾಣದಲ್ಲಿ ಪುಡಿಯನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿ ತರಿಸಿದರು. ಅದನ್ನು ನಲ್ಲಿಯಿರುವ ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ಶಿಬಿರಗಳ ಕಾಲರಾ ರೋಗಿಗಳಲ್ಲಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಅವರ ಉಪಚಾರದಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು. ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಸಂದದ್ದು 2023ರಲ್ಲಿ. ಬಾಯಿ ಅವರನ್ನು ಕಂಡವರಲ್ಲ. ಆದರೆ ಸಾಲ್ಟ್ ಲೇಕಿನಲ್ಲಿಯೂ ಆ ಉಪ್ಪು-ಸಿಹಿ ನೀರು ಬಂದಾಗ ಕುಡಿಸುವವರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ಎದ್ದಿತಂತೆ.

ಅಲ್ಲೊಬ್ಬ ಹೆಂಗಸಿನ ವಿಷಯವನ್ನು ಬಾಯಿ ಬಹಳ ಹೊತ್ತು ಹೇಳಿದರು. ದಾರಿಯಲ್ಲಿಯೇ ತನ್ನ ಎರಡೂ ಮಕ್ಕಳನ್ನು ಕಳೆದುಕೊಂಡು ಬಂದಿದ್ದ ಆಕೆ ಊಟ ಕೊಟ್ಟರೆ ಉಣ್ಣುವಳು, ಇಲ್ಲದಿದ್ದರೆ ಇಲ್ಲ. ಮಾತೇ ಆಡಲಿಲ್ಲ. ಕೈ ಸಾಲದ ಒಂದು ರಾತ್ರಿ ಬಾಯಿ ಆಕೆಯ ಕೈಗೆ ಲೋಟ ಕೊಟ್ಟು, ತಾಯಿಯಿಲ್ಲದ ಒಂದು ಕೂಸಿನ ಬಳಿ ಕೂರಿಸಿದರು. ಬೆಳಗಾಗುವಾಗ ಆ ಹೆಂಗಸು, ಕೂಸು ಉಚ್ಚೆ ಹೊಯ್ದಿದೆ ಎಂದು ಹೇಳಲು ಎದ್ದು ಬಂದಿದ್ದಳು. ನೀರು ಬತ್ತಿದ ಮಗು ಮೂತ್ರ ಮಾಡಿತೆಂದರೆ ಬದುಕುತ್ತದೆ ಎಂಬುದು ಅಷ್ಟರಲ್ಲಿ ಶಿಬಿರದ ಎಲ್ಲ ಹೆಂಗಸರಿಗೂ ಗೊತ್ತಾಗಿತ್ತು. ಮುಂದೆ ಆಕೆ ಡೇರೆಯಿಂದ ಡೇರೆಗೆ ಹೋಗಿ ಕುಡಿಸುವುದನ್ನು ಬೇರೆಯವರಿಗೂ ಕಲಿಸಿದಳು. "ದುಃಖ ಹೋಯ್ತು ಅಂತಲ್ಲ. ಅದೆಲ್ಲಿಗೆ ಹೋಗ್ತದೆ? ಆದರೆ ಮತ್ತೆ ನಾಲ್ಕು ಜನರ ಜೊತೆಗೆ ಬಂದಳು" ಎಂದರು ಬಾಯಿ.

ನೊಂದವರನ್ನೇ ಆರೈಕೆ ಮಾಡುವವರನ್ನಾಗಿ ಬೆಳೆಸಿದ್ದು ಬಾಂಗ್ಲಾದೇಶ ಆ ಗಾಯದಿಂದ ಎದ್ದ ಬಗೆಯ ತಿರುಳು ಎಂದು ನನಗೆ ಅನಿಸುತ್ತದೆ. ಅಲ್ಲಿನ ವೈದ್ಯ ಡಾ. ಜಫ್ರುಲ್ಲಾ ಚೌಧರಿ ಮತ್ತು ಸಂಗಡಿಗರು ಯುದ್ಧಕಾಲದಲ್ಲಿ ತ್ರಿಪುರಾದಲ್ಲಿ ಬಿದಿರಿನಿಂದ ಕಟ್ಟಿದ 480 ಹಾಸಿಗೆಗಳ ಆಸ್ಪತ್ರೆಯಲ್ಲಿ, ಹಿಂದೆಂದೂ ಆ ಕೆಲಸ ಮಾಡದ ಹೆಣ್ಣುಮಕ್ಕಳು ತರಬೇತಿ ಪಡೆದು ಗಾಯಾಳುಗಳ ಶುಶ್ರೂಷೆ ಮಾಡಿದರು. ಅದೇ ಅನುಭವದ ಮೇಲೆ 1972ರಲ್ಲಿ ಢಾಕಾ ಬಳಿಯ ಸಾವರ್‌ನಲ್ಲಿ ಗಣಸ್ವಾಸ್ಥ್ಯ ಕೇಂದ್ರ ಆರಂಭವಾಯಿತು. ಅಲ್ಲಿಂದ ಹಳ್ಳಿಯ ಯುವತಿಯರು ಸೈಕಲ್ ತುಳಿದು ಮನೆ ಮನೆಗೆ ಆರೋಗ್ಯ ಸೇವೆ ಒಯ್ದರು. ಅದೇ ವರ್ಷ ಫಜ್ಲೆ ಹಸನ್ ಅಬೆದ್ ಲಂಡನ್ನಿನ ತಮ್ಮ ಮನೆ ಮಾರಿದ ಹಣದಿಂದ, ಹಿಂದಿರುಗಿದ ನಿರಾಶ್ರಿತರಿಗಾಗಿ ಬಾಂಗ್ಲಾದೇಶದ ಈಶಾನ್ಯದ ಶಾಲ್ಲಾ ಎಂಬಲ್ಲಿ ಕೆಲಸ ಆರಂಭಿಸಿದರು. ಬಿದಿರು ತರಿಸಿ ಸಾವಿರಾರು ಮನೆ ಕಟ್ಟಿಸಿದರು, ಮೀನುಗಾರರಿಗೆ ದೋಣಿ ಮತ್ತು ಬಲೆಯ ನೂಲು ಒದಗಿಸಿದರು, ಚಿಕಿತ್ಸಾ ಕೇಂದ್ರಗಳನ್ನೂ ತೆರೆದರು. ದೋಣಿ ಕೊಡುವುದು ಆರೋಗ್ಯದ ಕೆಲಸವೇ ಎಂದು ಕೇಳುವವರಿಗೆ ನಮ್ಮ ಟೊಂಕದ ಯಾವ ಹೆಂಗಸಾದರೂ ಉತ್ತರ ಹೇಳಿಯಾಳು.

ಅಬೆದ್ ಅವರ ಸಂಸ್ಥೆ ಬ್ರ್ಯಾಕ್ 1980ರಿಂದ 1990ರವರೆಗೆ ನಡೆಸಿದ ಕೆಲಸ ನನ್ನನ್ನು ಹೆಚ್ಚು ಕಾಡಿದೆ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು, ಇಷ್ಟನ್ನು ಕಲಸುವುದನ್ನು ಹಳ್ಳಿಯ ಕಾರ್ಯಕರ್ತೆಯರು 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಕಲಿಸಿದರು. ತಿಂಗಳ ಬಳಿಕ ಬೇರೊಂದು ತಂಡ ಹೋಗಿ ಆಯ್ದ ಕೆಲವು ತಾಯಂದಿರನ್ನು ಪ್ರಶ್ನಿಸುತ್ತಿತ್ತು. ಅವರು ಎಷ್ಟು ನೆನಪಿಟ್ಟಿದ್ದಾರೆ, ಸರಿಯಾಗಿ ಮಾಡುತ್ತಾರೆಯೇ ಎಂಬುದರ ಮೇಲೆ ಕಲಿಸಿದವಳ ಸಂಬಳ ನಿಂತಿತ್ತು. ಬಡ ಹೆಂಗಸಿನ ಸಂಬಳವನ್ನು ಇನ್ನೊಬ್ಬ ಬಡ ಹೆಂಗಸಿನ ನೆನಪಿಗೆ ಕಟ್ಟುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಆಶಾಗಳ ಗೌರವಧನದ ಪಾಡು ಬಲ್ಲವರು ಯಾರೂ ಒಪ್ಪಲಾರರು. ಆದರೆ ಆ ಪ್ರಶ್ನೆ ಸರಿಯಾದದ್ದು. ನಮ್ಮ ವರದಿಯಲ್ಲಿ ಹಂಚಿದ ಪೊಟ್ಟಣಗಳ ಸಂಖ್ಯೆಗೆ ಕಾಲಂ ಇದೆ, ಮಾತ್ರೆಗಳ ಸಂಖ್ಯೆಗೆ ಇದೆ, ತಾಯಿಯ ಕೈಯಲ್ಲಿ ಏನು ಉಳಿಯಿತು ಎಂಬುದಕ್ಕೆ ಇಲ್ಲ.

ಮಗು ಮೂತ್ರ ಮಾಡಿ, ತಾಯಿಯ ಹಾಲಿಗೆ ಹಟ ಹಿಡಿದ ಮೇಲೆ ನಾವು ಹೊರಟೆವು. ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಲೇಬೇಕೆಂದು ಹೇಳಿ, ಅದನ್ನೂ ತಾಯಿಯ ಬಾಯಲ್ಲಿ ಹೇಳಿಸಿದೆವು. ಉಳಿದ ಮನೆಗಳಲ್ಲಿ ಆಶಾ ಬರೀ ಬಾಯಲ್ಲಿ ಹೇಳುವುದನ್ನು ಬಿಟ್ಟು, ತಾಯಂದಿರ ಕೈಯಿಂದಲೇ ಅಳೆಸಿ ಕಲಸಿಸಿದಳು. ಲೋಟದ ಅಳತೆಯಲ್ಲಿ ತಪ್ಪಿದವರು ಮತ್ತೂ ಹಲವರಿದ್ದರು. ಒಂದು ಮನೆಯಲ್ಲಿ ಅಜ್ಜಿಯೇ ಮುಂದೆ ಬಂದು ಸರಿಯಾಗಿ ಮಾಡಿ, ಸೊಸೆಗೂ ಹೇಳಿಕೊಟ್ಟರು. ಅಂದಿನ ಪಟ್ಟಿಯಲ್ಲಿದ್ದ ಮನೆಗಳಲ್ಲಿ ಅರ್ಧದಷ್ಟೂ ಮುಗಿಯಲಿಲ್ಲ. ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಯವರಿಗೆ ತಡವಾದ ಕಾರಣ ತಿಳಿಸಿ, ಮುಂದಿನ ಸಲ ಪುಸ್ತಕದ ಷರಾ ಜಾಗದಲ್ಲಿ "ತಾಯಿ ಮಾಡಿ ತೋರಿಸಿದ್ದಾರೆ" ಅಥವಾ "ಮತ್ತೊಮ್ಮೆ ಹೋಗಬೇಕು" ಎಂದು ಬರೆಯುತ್ತೇವೆಂದೂ, ಅದಕ್ಕೆ ದಿನಕ್ಕೆ ಕಡಿಮೆ ಮನೆಗಳನ್ನು ನಿಗದಿ ಮಾಡಬೇಕೆಂದೂ ಕೇಳಿದೆ. ಟೊಂಕದ ಕೇರಿಯ ಮಟ್ಟಿಗೆ ಅವರು ಒಪ್ಪಿದ್ದಾರೆ.