ಮನೆ ಮಾಡಿಕೊಂಡು ಬಿಜಾಪುರ ನೋಡುವುದು

ಬಿಜಾಪುರಕ್ಕೆ ಬರುವ ಪ್ರವಾಸಿಗರು ಈ ಊರಿಗೆ ಕೊಡುವುದು ಅರ್ಧ ದಿನ. ಗೋಳಗುಮ್ಮಟ ಹತ್ತಿ ಕೂಗಿ, ಇಬ್ರಾಹಿಂ ರೋಜಾದ ಮುಂದೆ ಫೋಟೊ ತೆಗೆಸಿಕೊಂಡು, ರೊಟ್ಟಿ ಊಟ ಮುಗಿಸಿ ಬಾದಾಮಿಯ ದಾರಿ ಹಿಡಿಯುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರು ಅಷ್ಟನ್ನೂ ಕೊಡುವುದಿಲ್ಲ. "ಗೋಳಗುಮ್ಮಟ ಎಲ್ಲಿ ಓಡಿ ಹೋಗತೈತ್ರಿ ಮೇಡಮ್ಮಾರ, ನೋಡಿದ್ರಾತು" ಅನ್ನುವುದು ನಮ್ಮ ಮನೆ ಮಾಲಕರ ವಾದ. ಅವರು ಕಡೆಯ ಸಲ ಮೇಲೆ ಹತ್ತಿದ್ದು ಶಾಲೆಗೆ ಹೋಗುತ್ತಿದ್ದಾಗಂತೆ.

ಬ್ಯಾಂಕಿನ ವರ್ಗಾವಣೆಯಲ್ಲಿ ಶಿವಮೊಗ್ಗದಿಂದ ಇಲ್ಲಿಗೆ ಬಂದ ನಾನು ಎರಡೂ ಗುಂಪಿಗೆ ಸೇರದವಳು. (2014ರಿಂದ ಊರು ವಿಜಯಪುರ, ನಮ್ಮ ಓಣಿಯಲ್ಲಿ ಮಾತ್ರ ಇನ್ನೂ ಬಿಜಾಪುರವೇ.) ರಜೆಯ ದಿನ ಒಂದೇ ಕಟ್ಟಡ, ಅದೂ ಬಿಸಿಲೇರುವ ಮುಂಚೆ ಎಂದು ಗೊತ್ತು ಮಾಡಿಕೊಂಡಿದ್ದೇನೆ. ಅವಸರವೇನೂ ಇಲ್ಲ, ಮುಂದಿನ ವರ್ಗಾವಣೆಗೆ ಇನ್ನೂ ಸಮಯವಿದೆ.

ಗೋಳಗುಮ್ಮಟಕ್ಕೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಶಾಲಾ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತಿಗೆ ಜಾಗವೇ ಇರುವುದಿಲ್ಲ, ಬರೀ ಕಿರುಚಾಟ. ಮೂಲೆಯ ಏಳಂತಸ್ತಿನ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲು ಹತ್ತಿ ನಾನು ಗೋಡೆಗೊರಗಿ ಕೂತಿದ್ದೆ. ನನ್ನ ಎದುರಿಗೆ, ಗುಮ್ಮಟದ ಆ ಬದಿಗೆ ಗಂಡ ಹೆಂಡತಿ ಇಬ್ಬರೇ. "ನೀರಿನ ಬಾಟ್ಲಿ ತಳಗ ಗಾಡ್ಯಾಗ ಉಳೀತು ನೋಡ್ರಿ" ಎಂದು ಆಕೆ ಗಂಡನಿಗೆ ಹೇಳಿದ್ದು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗೆ ಆಸರೆಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಕೆಳಗಿನ ಚೌಕವನ್ನು ಮೇಲಿನ ವೃತ್ತಕ್ಕೆ ಒಗ್ಗಿಸಿ ಅಷ್ಟೂ ಭಾರ ಹೊರುತ್ತವೆ. ಕೆಳಗೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ತೋರಿಕೆಗೆ; ಮೊಹಮ್ಮದ್ ಆದಿಲ್ ಶಾಹ ನಿಜವಾಗಿ ಮಲಗಿರುವುದು ಅದರಡಿಯ ನೆಲಮಾಳಿಗೆಯಲ್ಲಿ.

ಆದರೂ ಒಂದನ್ನೇ ಆರಿಸಿಕೋ ಎಂದರೆ ನನ್ನ ಓಟು ಇಬ್ರಾಹಿಂ ರೋಜಾಕ್ಕೆ. ಗೋಳಗುಮ್ಮಟ ನಮ್ಮನ್ನು ಚಿಕ್ಕವರನ್ನಾಗಿ ಮಾಡುತ್ತದೆ, ರೋಜಾ ಹತ್ತಿರ ಕರೆಯುತ್ತದೆ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ ಮತ್ತು ರಾಣಿ ತಾಜ್ ಸುಲ್ತಾನಾರ ಗೋರಿ, ಅದಕ್ಕೆದುರಾಗಿ ಮಸೀದಿ, ನಡುವೆ ಹೊಂಡ. ಕಿಟಕಿಗಳಿಗೆ ಕೂರಿಸಿದ ಕಲ್ಲಿನ ಜಾಲಂಧ್ರಗಳನ್ನು ಹತ್ತಿರ ನಿಂತು ನೋಡಬೇಕು: ತೂತುಗಳ ನಡುವೆ ಉಳಿದಿರುವ ಕಲ್ಲೇ ಅರಬ್ಬೀ ಅಕ್ಷರಗಳು. ಹೊರಗಿನಿಂದ ಬೆಳಕು ಬಿದ್ದಾಗ ಓದಲು ಬಾರದ ನನಗೂ ಸಾಲುಗಳು ಬಿಡಿಬಿಡಿಯಾಗಿ ಕಂಡವು. ಮಸೀದಿಯ ಸೂರಿನಿಂದ ಇಳಿಬಿದ್ದ ಸರಪಳಿಯೂ ಕಲ್ಲಿನದೇ, ಕೊಂಡಿಗೆ ಕೊಂಡಿ ಸೇರಿಸಿ ಒಂದೇ ಕಲ್ಲಿನಲ್ಲಿ ಬಿಡಿಸಿದ್ದು.

ಮಲಿಕ್-ಎ-ಮೈದಾನ್ ತೋಪು, ಅದರಿಂದ ಸ್ವಲ್ಪ ದೂರದ ಉಪ್ಲಿ ಬುರುಜು ಎರಡನ್ನೂ ಒಂದೇ ಸಂಜೆ ಮುಗಿಸಬಹುದು. ತೋಪು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು. ಬಾಯಿಯ ಕಡೆ ಸಿಂಹದ ತಲೆ, ಹಲ್ಲುಗಳ ನಡುವೆ ಸಿಕ್ಕಿಬಿದ್ದ ಪಾಪದ ಆನೆ. ಬುರುಜನ್ನು ಹೊರಗಿನಿಂದಲೇ ಸುತ್ತುವ ಮೆಟ್ಟಿಲು ಹತ್ತಿ ನಿಂತರೆ ಊರು ಪೂರ್ತಿ ಕಾಣುತ್ತದೆ. ಬಾರಾ ಕಮಾನ್ ಅಂತೂ ನನ್ನ ಆಫೀಸಿನ ದಾರಿಯಲ್ಲೇ ಸಿಗುತ್ತದೆ. ಎರಡನೇ ಅಲಿ ಆದಿಲ್ ಶಾಹ ತನ್ನ ಗೋರಿಗೆಂದು ಕಟ್ಟಿಸುತ್ತಿದ್ದದ್ದು ಅದು. 1672ರಲ್ಲಿ ಅವನು ತೀರಿಕೊಂಡ, ಕಮಾನುಗಳು ಚಾವಣಿ ಕಾಣದೆ ಅಲ್ಲಿಗೇ ನಿಂತವು.

ನನ್ನನ್ನು ಹೆಚ್ಚು ಅಲೆದಾಡಿಸಿದ್ದು ಮಾತ್ರ ನೀರು. ನಮ್ಮ ಓಣಿಗೆ ನಳ ಬರುವುದು ಪಾಳಿಯ ಮೇಲೆ. ಅವತ್ತು ಕೊಡ, ಡ್ರಮ್ಮು, ಸಿಂಟೆಕ್ಸು ತುಂಬಿಸುವ ತನಕ ಯಾರೂ ಮನೆ ಬಿಟ್ಟು ಕದಲುವಂತಿಲ್ಲ. ಮಲೆನಾಡಿನವಳಿಗೆ ಇದು ಹೊಸದು. ಇಂಥ ಒಣನೆಲದಲ್ಲಿ ಒಂದು ರಾಜಧಾನಿ ಎರಡು ಶತಮಾನ ಹೇಗೆ ಬದುಕಿತು ಎಂಬ ಪ್ರಶ್ನೆ ಹುಟ್ಟಿದ್ದೇ ನಳದ ಮುಂದೆ ಕೂತಾಗ.

ಉತ್ತರ ಊರ ತುಂಬ ಬಿದ್ದಿದೆ. ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಗಳಂಥ ಕಿಂಡಿ ಬಿಟ್ಟು, ನೀರು ತಾನಾಗಿ ಹರಿದು ಬರುವಂತೆ ಮಾಡಿದ್ದರು. ದಕ್ಷಿಣದ ಬೇಗಂ ತಲಾಬು 1651ರದು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಬಂದ ನೀರು ದಾರಿಯಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳನ್ನು ಹತ್ತಿ ಇಳಿಯುತ್ತಿತ್ತು. ಹತ್ತಿದಾಗ ಒತ್ತಡ ತಗ್ಗಿ ಕೊಳವೆ ಒಡೆಯುವುದು ತಪ್ಪುತ್ತಿತ್ತು, ಹೂಳೆಲ್ಲ ಗೋಪುರದ ಬುಡದಲ್ಲೇ ತಂಗುತ್ತಿತ್ತು. ಇವುಗಳ ಮುಂದೆ ಯಾರೂ ಸೆಲ್ಫಿ ತೆಗೆದುಕೊಳ್ಳುವುದಿಲ್ಲ. ನನಗಂತೂ ಬಿಜಾಪುರದ ಬುದ್ಧಿ ಕಂಡಿದ್ದು ಇಲ್ಲೇ.

ತಾಜ್ ಬಾವಡಿಗೆ ಪಕ್ಕದ ಮನೆಯ ಕಾಕು ನನ್ನ ಜತೆ ಬಂದಿದ್ದರು. ಎರಡು ಎಂಟುಮೂಲೆಯ ಗೋಪುರಗಳ ನಡುವೆ ದೊಡ್ಡ ಕಮಾನು, ದಾಟಿದರೆ ಮೆಟ್ಟಿಲು, ಕೆಳಗೆ ಹಸಿರು ನೀರು, ಅಕ್ಕಪಕ್ಕ ದಾರಿಹೋಕರು ತಂಗಲು ಕಟ್ಟಿದ ಪಡಸಾಲೆ. ಇದನ್ನು ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದವನು ಮಲಿಕ್ ಸಂದಲ್, ರೋಜಾದ ಕೆಲಸ ನಡೆಸಿದವನೂ ಅವನೇ. ನಾನು ಇದನ್ನೆಲ್ಲ ಹೇಳುತ್ತಿದ್ದರೆ ಕಾಕು ಇಣುಕಿ ನೋಡಿ, "ನಾವು ಗಣಪತಿ ಕಳಸ್ತಿದ್ದದ್ದು ಇಲ್ಲೇ ಬೇ" ಅಂದರು. ಆಮೇಲೆ ಚಾಂದ್ ಬಾವಡಿಗೂ ಹೋಗೋಣ ಎಂದು ಅವರೇ ಹೊರಡಿಸಿದರು. ತೊರವಿಯ ನರಸಿಂಹನ ಗುಡಿಗೆ ಹೋದಾಗ ಸುರಂಗದ ಬಾವಿಯನ್ನೂ ನೋಡಿಕೊಂಡು ಬರುವುದೆಂದು ಮಾತಾಗಿದೆ. ದಿನ ಗೊತ್ತಾಗಬೇಕಾದರೆ ನಳದ ಪಾಳಿ ಗೊತ್ತಾಗಬೇಕು.