ಮರದರಿಶಿನ ಕೊಳ್ಳೋ ಮುಂಚೆ

ಹೋದ ವಾರ ಗ್ರಂಧಿಗೆ ಅಂಗಡಿಗೆ ಹಿಪ್ಪಲಿ ತರೋಕೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಮರದರಿಶಿನ ಕೇಳಿದರು. ಅಂಗಡಿಯವರು ಗೋಣಿಚೀಲದಿಂದ ಒಂದು ತುಂಡು ತೆಗೆದರು. ನಾನೂ ಕೈಗೆ ತಗೊಂಡು ನೋಡಿದೆ. ಹೊರಗೆ ಒರಟು ತೊಗಟೆ, ಕತ್ತರಿಸಿದ ಕಡೆ ಕಣ್ಣಿಗೆ ಹೊಡೆಯೋ ಹಳದಿ, ನಡುವಿನಿಂದ ಅಂಚಿನ ತನಕ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಗೆರೆಗಳು. ಚೂರು ಕೆರೆದು ನಾಲಿಗೆಗೆ ಇಟ್ಟೆ, ಮನೆಗೆ ಬಂದು ಕಾಫಿ ಕುಡಿದರೂ ಕಹಿ ಹೋಗಲಿಲ್ಲ.

ಹೆಸರಲ್ಲಿ ಮರ ಇದ್ದರೂ ಇದು ಬಳ್ಳಿ. ನಮ್ಮ ಅಮೃತಬಳ್ಳಿಯ ಕುಟುಂಬದ್ದೇ. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಲ್ಲಿ, ಶ್ರೀಲಂಕಾದಲ್ಲಿ ದೊಡ್ಡ ಮರಗಳನ್ನು ಹತ್ತಿಕೊಂಡು ಬೆಳೆಯುತ್ತೆ. ಶ್ರೀಲಂಕಾದವರು ಇದನ್ನು ವೆನಿವೆಲ್ ಅಂತಾರೆ, ಶೀತ ಜ್ವರಕ್ಕೆ ಕೊತ್ತಂಬರಿ ಬೀಜದ ಜೊತೆ ಕುದಿಸಿ ಕುಡಿಯುತ್ತಾರೆ. ಆಯುರ್ವೇದದ ದಾರುಹರಿದ್ರಾ ಅಸಲಿಗೆ ಹಿಮಾಲಯದ ಒಂದು ಮುಳ್ಳುಗಿಡ, ದಕ್ಷಿಣದಲ್ಲಿ ಅದರ ಬದಲಿಗೆ ಈ ಬಳ್ಳಿ ಬಳಸುತ್ತಾ ಬಂದರು. ಎರಡರಲ್ಲೂ ಇರೋದು ಬರ್ಬರೀನ್ ಅನ್ನೋ ರಾಸಾಯನಿಕ, ಹಳದಿ ಬಣ್ಣಕ್ಕೂ ಕಹಿಗೂ ಅದೇ ಕಾರಣ.

ನನಗೆ ಹೊಟ್ಟೆ ಉರಿಯೋದು ಎಲ್ಲಿ ಅಂದರೆ, ಔಷಧಿಗೆ ಬೇಕಾಗೋದು ಕಾಂಡ. ಎಲೆ ಕಿತ್ತರೆ ಮತ್ತೆ ಚಿಗುರುತ್ತೆ, ಕಾಂಡವನ್ನೇ ಬುಡಕ್ಕೆ ಕಡಿದರೆ ಏನು ಉಳಿಯುತ್ತೆ? ಹೂ ಬಿಡೋ ವಯಸ್ಸಿಗೆ ಬರೋಕೆ ಇದಕ್ಕೆ ಸುಮಾರು 15 ವರ್ಷ ಬೇಕು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ, ಹಾಗಾಗಿ ಹತ್ತಿರದಲ್ಲಿ ಜೋಡಿ ಇಲ್ಲ ಅಂದರೆ ಬೀಜವೇ ಇಲ್ಲ. ಬಿದ್ದ ಬೀಜ ಮೊಳೆಯೋಕೂ ತಿಂಗಳುಗಟ್ಟಲೆ. ದಕ್ಷಿಣ ಭಾರತದಲ್ಲಿ ಇದು ಈಗ ತೀವ್ರ ಅಪಾಯದಲ್ಲಿರೋ ಸಸ್ಯ.

ಇನ್ನೊಂದು ಮಾತು, ದಯವಿಟ್ಟು ಗಮನ ಇಟ್ಟು ಓದಿ. ಕಾಮಾಲೆಗೆ ಒಳ್ಳೇದು ಅಂತ ಹಸುಗೂಸಿಗೆ ಇದನ್ನು ತೇಯ್ದು ನೆಕ್ಕಿಸಬೇಡಿ. ಎಳೆ ಮಗುವಿನಲ್ಲಿ ಬರ್ಬರೀನ್‌ನಿಂದ ಕಾಮಾಲೆ ಜಾಸ್ತಿಯಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ಬಸುರಿಯರೂ ತಗೋಬಾರದು. ಶುಗರ್ ಮಾತ್ರೆ ನುಂಗೋರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಆ ಹೆಂಗಸಿಗೆ ಯಾಕೆ ಬೇಕು ಅಂತ ಕೇಳಿದೆ. ಮಗಳ ಮುಖಕ್ಕೆ ಹಚ್ಚೋಕೆ ಅಂದರು. ಹಾಗಿದ್ರೆ ಕಸ್ತೂರಿ ಅರಿಶಿನ ಸಾಕಲ್ವಾ ಅಕ್ಕಾ, ಅದನ್ನಾದರೆ ಹಿತ್ತಲಲ್ಲೇ ಗೆಡ್ಡೆ ನೆಟ್ಟು ಬೆಳೀಬಹುದು ಅಂದೆ. ಒಂದು ಕ್ಷಣ ಯೋಚಿಸಿ ಅದನ್ನೇ ನೂರು ಗ್ರಾಂ ಕಟ್ಟಿಸಿಕೊಂಡರು, ಆ ಹಳದಿ ತುಂಡು ಮತ್ತೆ ಚೀಲಕ್ಕೆ ಹೋಯಿತು. ಕಡಿದ ಬಳ್ಳಿ ಅದರಿಂದ ಚಿಗುರಲ್ಲ, ನಿಜ. ಆದರೆ ಆ ಚೀಲ ಖಾಲಿಯಾಗೋದು ತಡವಾದಷ್ಟೂ ಮುಂದಿನ ಚೀಲ ಬರೋದೂ ತಡ.